ಕಚ್ಚುವ ಬೂಟಿಗೆ ಕಾಲು ಕೊಡಬೇಡಿ

ಓದುಗರ ಪತ್ರ: ಏಣಿಯಿಂದ ಜಾರಿ ಬಿದ್ದು ಬಲಗಾಲಿನ ಗಿಣ್ಣು ಮುರಿದಿತ್ತು. ಈಗ ಪಟ್ಟಿ ಬಿಚ್ಚಿದ್ದಾರೆ. ಮುಂದಿನ ತಿಂಗಳಿಂದ ಕೆಲಸಕ್ಕೆ ಹೋಗಬಹುದು ಅಂದಿದ್ದಾರೆ ಡಾಕ್ಟರು. ನನ್ನದು ಇಡೀ ಪಾಳಿ ಯಂತ್ರದ ಮುಂದೆ ನಿಂತು ಮಾಡುವ ಕೆಲಸ, ಸೇಫ್ಟಿ ಶೂ ಕಡ್ಡಾಯ. ಗಟ್ಟಿಯಾದ, ಎತ್ತರದ, ಭಾರದ ಬೂಟು ತಗೋ, ಗಿಣ್ಣನ್ನು ಹಿಡಿದಿಡುತ್ತೆ, ಮೊದಲು ಕಚ್ಚಿದರೂ ಹದಿನೈದು ದಿನದಲ್ಲಿ ಸೆಟ್ ಆಗುತ್ತೆ ಅಂತಾರೆ ಜೊತೆ ಕೆಲಸದವರು. ಹಗುರವಾದದ್ದು, ಹಾಕಿದ ಕೂಡಲೇ ಹಿತವಾಗಿರುವುದು ತಗೋ ಅಂತಾಳೆ ತಂಗಿ. ಯಾರ ಮಾತು ಕೇಳಲಿ?

ಸಂಪಾದಕರ ಉತ್ತರ: ನಿಮ್ಮ ತಂಗಿಯ ಮಾತು ಕೇಳಿ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಜೊತೆಯವರ ಮಾತಿನಲ್ಲಿ ಹುರುಳೇ ಇಲ್ಲ ಅಂತಲ್ಲ. ಏಣಿ ಹತ್ತಿ ಇಳಿಯುವವರಿಗೆ, ಕಲ್ಲುಮಣ್ಣಿನ ಏರುಪೇರು ನೆಲದಲ್ಲಿ ಓಡಾಡುವವರಿಗೆ ಗಿಣ್ಣು ಮುಚ್ಚುವ ಬೂಟು ಬೇಕು. ಭಾರ ಬೀಳುವ ಕಡೆ ಸ್ಟೀಲ್ ಟೋ ಥರದ, ಬೆರಳು ಕಾಯುವ ಗಟ್ಟಿ ಕವಚ ಇಲ್ಲದೆ ಕಾಲಿಡಲೇಬಾರದು. ಅಷ್ಟು ಒಪ್ಪೋಣ. ಆದರೆ 'ಮೊದಲು ಕಚ್ಚುತ್ತೆ, ಆಮೇಲೆ ಸೆಟ್ ಆಗುತ್ತೆ' ಅನ್ನುವ ಮಾತಿದೆಯಲ್ಲ, ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಎಷ್ಟು ಜನರ ಪಾದವನ್ನು ಆ ಒಂದು ಮಾತು ಹಾಳು ಮಾಡಿದೆ!

ಚರ್ಮ ಸ್ವಲ್ಪ ಮೆತ್ತಗಾಗುತ್ತದೆ, ನಿಜ. ಆದರೆ ಬೂಟಿನ ಮುಂಭಾಗದಲ್ಲಿರುವ ಉಕ್ಕಿನ ಕವಚ ಒಂದು ಕೂದಲೆಳೆಯಷ್ಟೂ ಅಗಲವಾಗುವುದಿಲ್ಲ. ಅಂಗಡಿಯಲ್ಲಿ ಅದು ಕಿರುಬೆರಳನ್ನು ಒತ್ತಿದರೆ ವರ್ಷ ಕಳೆದರೂ ಒತ್ತುತ್ತಲೇ ಇರುತ್ತದೆ. ಹದಿನೈದು ದಿನದಲ್ಲಿ ಬದಲಾಗುವುದು ಕಾಲು. ಗುಳ್ಳೆ ಏಳುತ್ತದೆ, ಆಣಿ ಕಟ್ಟುತ್ತದೆ, ನೋಯುವ ಕಡೆ ಭಾರ ಬೀಳದ ಹಾಗೆ ನಡಿಗೆ ವಾರೆಯಾಗುತ್ತದೆ. ಪೆಟ್ಟೇ ಬೀಳದ ಕಾಲು ಇದನ್ನೆಲ್ಲ ಹೇಗೋ ತಡೆದುಕೊಂಡೀತು. ನಿಮ್ಮದು ಈಗಷ್ಟೇ ಕೂಡಿಕೊಂಡ ಮೂಳೆ. ಬೂಟು ಕಚ್ಚುತ್ತೆ ಅಂತ ವಾರೆ ನಡೆದರೆ ಭಾರವೆಲ್ಲ ಎಡಗಾಲಿಗೆ, ಮಂಡಿಗೆ, ಸೊಂಟಕ್ಕೆ ಹೋಗುತ್ತದೆ. ಫಿಸಿಯೋಥೆರಪಿಯಲ್ಲಿ ಕಷ್ಟಪಟ್ಟು ಕಲಿತ ನೇರ ನಡಿಗೆಯನ್ನು ಬೂಟು ಕಸಿದುಕೊಳ್ಳುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಖರ್ಚಿನ ವಿಷಯಕ್ಕೆ ಸರಿ. ಅದನ್ನು ಬೂಟಿಗೆ ಹಚ್ಚಬಾರದು. ಆದರೆ ಮನುಷ್ಯರು ಹಚ್ಚಿದ್ದಾರೆ, ಅದೂ ಶತಮಾನಗಟ್ಟಲೆ. ಯುರೋಪಿನಲ್ಲಿ ಹತ್ತೊಂಬತ್ತನೇ ಶತಮಾನ ಶುರುವಾಗುವವರೆಗೂ ಬಹುಪಾಲು ಬೂಟುಗಳಿಗೆ ಎಡ ಬಲ ಅನ್ನುವ ಭೇದವೇ ಇರಲಿಲ್ಲ. ಎರಡೂ ಒಂದೇ ಅಚ್ಚಿನವು. ಹಾಕಿ ಹಾಕಿ ಕಾಲಿನ ಆಕಾರಕ್ಕೆ ಬರುತ್ತವೆ ಅಂತ ಎಲ್ಲರೂ ಸುಮ್ನಿದ್ದರು. ಪೇತ್ರುಸ್ ಕಾಂಪರ್ ಅನ್ನುವ ಡಚ್ ಅಂಗರಚನಾ ತಜ್ಞರು 1781ರಲ್ಲಿ ಬೂಟಿನ ಸರಿಯಾದ ಆಕಾರದ ಬಗ್ಗೆಯೇ ಒಂದು ಪ್ರಬಂಧ ಬರೆದರು. ಆನೆ, ಒರಾಂಗುಟಾನ್‌ಗಳ ದೇಹವನ್ನೆಲ್ಲ ಸೀಳಿ ನೋಡಿದ ದೊಡ್ಡ ವಿದ್ವಾಂಸರು ಅವರು. ಕುದುರೆ, ಹೇಸರಗತ್ತೆ, ಎತ್ತುಗಳ ಗೊರಸಿನ ಬಗ್ಗೆ ಇಷ್ಟೊಂದು ಕಾಳಜಿ ಮಾಡುವ ಮನುಷ್ಯ ತನ್ನ ಪಾದವನ್ನೇ ಮರೆತಿದ್ದಾನಲ್ಲ ಅಂತ ಅವರು ನೊಂದುಕೊಂಡಿದ್ದರು. ಆಮೇಲೆ 1858ರಲ್ಲಿ ಜ್ಯೂರಿಕ್‌ನ ಅಂಗರಚನಾ ತಜ್ಞ ಹರ್ಮನ್ ಫಾನ್ ಮೆಯರ್ ಒಂದು ಸರಳವಾದ ಗೆರೆ ತೋರಿಸಿಕೊಟ್ಟರು. ಹಿಮ್ಮಡಿಯ ನಡುವಿನಿಂದ ಹೊರಟ ಗೆರೆ ಹೆಬ್ಬೆರಳಿನ ಉದ್ದಕ್ಕೂ ನೇರವಾಗಿ ಹಾಯಬೇಕು, ಬೂಟು ಆ ಗೆರೆಯನ್ನು ಬಗ್ಗಿಸಬಾರದು ಅಂದರು. ಇವತ್ತು ಯಾವುದೇ ಬೂಟಿನ ಅಟ್ಟೆಯನ್ನು ತಿರುಗಿಸಿ ನೋಡಿ. ಮೂತಿ ಚೂಪಾಗಿದ್ದರೆ ಆ ಗೆರೆ ಹೆಬ್ಬೆರಳಿನ ಹೊರಗೇ ಹೋಗಿರುತ್ತದೆ.

ಹಿತ ಅನ್ನುವುದು ಸೋಮಾರಿಗಳ ಮಾತು ಅಂತ ನಿಮ್ಮ ಜೊತೆಯವರು ಅಂದುಕೊಂಡಿರಬಹುದು. ಸೈನಿಕರ ಕಾಲನ್ನು ಇಟ್ಟುಕೊಂಡು ನಡೆದ ಅಧ್ಯಯನಗಳು ಬೇರೆಯೇ ಹೇಳುತ್ತವೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 206 ಸೈನಿಕರನ್ನು ತಗೊಂಡು, ಅವರಲ್ಲಿ ಒಂದು ಗುಂಪಿನ ಮುಂದೆ ಆರು ಬಗೆಯ ಒಳ ಅಟ್ಟೆಗಳನ್ನು ಇಟ್ಟರು. ನಿಮಗೆ ಯಾವುದು ಹಿತವೋ ಅದನ್ನೇ ಹಾಕಿಕೊಳ್ಳಿ ಅಂದರು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಹಿಡಿಸಲಿಲ್ಲ. ಆದರೆ ತಮ್ಮ ಹಿತ ನೋಡಿಕೊಂಡು ಆರಿಸಿಕೊಂಡವರಲ್ಲಿ, ಅಂಥ ಒಳ ಅಟ್ಟೆ ಹಾಕದವರಿಗಿಂತ ನೋವು, ಗಾಯ ಕಡಿಮೆ ಕಂಡುಬಂತು. ಇದಕ್ಕೆ ತದ್ವಿರುದ್ಧವಾದ ಕೆಲಸವನ್ನು ಅಮೆರಿಕದ ಭೂಸೇನೆ, ವಾಯುಪಡೆ, ಮರೀನ್ ದಳಗಳ ತರಬೇತಿಯಲ್ಲಿ ಮಾಡಿ ನೋಡಿದರು. ಅಂಗಾಲಿನ ಕಮಾನು ಎಷ್ಟು ಎತ್ತರ ಅಂತ ನೋಡಿ, ಇಂಥ ಪಾದಕ್ಕೆ ಇಂಥ ಓಟದ ಶೂ ಅಂತ ಹಂಚಿದರು. ಗಾಯಗಳೇನೂ ಕಡಿಮೆಯಾಗಲಿಲ್ಲ. ಹೊರಗಿನಿಂದ ನೋಡಿ ಹೇಳುವವರಿಗಿಂತ ಒಳಗಿರುವ ಕಾಲಿಗೇ ಜಾಸ್ತಿ ಗೊತ್ತಿರುತ್ತದೆ.

ಭಾರದ ಮಾತಿಗೆ ಬರೋಣ. ಭಾರವಿದ್ದರೆ ಬಲ ಅನ್ನುವ ನಂಬಿಕೆ ಬಹಳ ಹಳೆಯದು. 1969ರಲ್ಲಿ ಅಮೆರಿಕದ ಸೇನಾ ಸಂಶೋಧಕರು ಇದನ್ನೇ ಅಳೆದರು. ಪಾದದ ಮೇಲೆ ಕಟ್ಟಿದ ಒಂದು ಕಿಲೋ ಭಾರ, ಮೈಮೇಲೆ ಹೊತ್ತ ಒಂದು ಕಿಲೋಗಿಂತ ನಾಲ್ಕರಿಂದ ಆರು ಪಟ್ಟು ಹೆಚ್ಚು ಶಕ್ತಿ ತಿನ್ನುತ್ತದೆ ಅಂತ ಕಂಡುಕೊಂಡರು. ತಿಂಗಳುಗಟ್ಟಲೆ ಪಟ್ಟಿಯೊಳಗಿದ್ದು ನಿಮ್ಮ ಮೀನಖಂಡ ಸೊರಗಿರುತ್ತದೆ. ಅದಕ್ಕೆ ಆ ಭಾರ ಯಾಕೆ ಹೊರಿಸಬೇಕು? ಉಕ್ಕಿನ ಬದಲು ಫೈಬರ್ ಅಥವಾ ಅಲ್ಯೂಮಿನಿಯಂ ಕವಚದ ಬೂಟುಗಳಿವೆ, ಹಗುರವಾಗಿರುತ್ತವೆ. ಸೇಫ್ಟಿ ಶೂಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್‌ಒ 20345 ಎಲ್ಲಕ್ಕೂ ಒಂದೇ. ಬೆರಳಿನ ಕವಚ 200 ಜೌಲ್ ಪೆಟ್ಟು ತಡೆಯಬೇಕು. ಅಂದರೆ 20 ಕಿಲೋ ಭಾರ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಹಗುರದ್ದಾದರೂ ಆ ಪರೀಕ್ಷೆ ಪಾಸಾಗಿದ್ದರೆ ಸಾಕು. ಆದರೆ ಒಂದು ನೆನಪಿರಲಿ. ಬೂಟಿನ ಮೇಲಿನ ಐಎಸ್‌ಒ ಗುರುತು ನಿಮ್ಮ ಪಾದದ ಅಗಲಕ್ಕೆ ಬೂಟು ಹೊಂದುತ್ತದೆ ಅಂತ ಹೇಳುವುದಿಲ್ಲ. ಅದನ್ನು ನೀವೇ ನೋಡಬೇಕು.

ನೋಡುವುದು ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸಂಜೆಗೆ ಊದಿಕೊಂಡಿರುತ್ತದೆ. ಮುರಿದು ಕೂಡಿದ ಗಿಣ್ಣಿನ ಬಾವು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಗಿಣ್ಣಿಗೆ ಬ್ರೇಸ್ ಕೊಟ್ಟಿದ್ದರೆ, ಡಾಕ್ಟರು ಬೇರೆ ಒಳ ಅಟ್ಟೆ ಬರೆದುಕೊಟ್ಟಿದ್ದರೆ ಅವೂ ಜೊತೆಗಿರಲಿ. ಎರಡೂ ಪಾದಗಳನ್ನು ಅಳೆಸಿ, ನಿಂತುಕೊಂಡೇ ಅಳೆಸಿ. ಮೈಭಾರ ಬಿದ್ದಾಗ ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ದೊಡ್ಡ ಪಾದಕ್ಕೆ ತಕ್ಕ ಅಳತೆ ತಗೊಂಡು, ಚಿಕ್ಕ ಪಾದದ ಬೂಟಿನೊಳಗೆ ತೆಳುವಾದ ಒಂದು ಅಟ್ಟೆ ಹಾಕಿದರಾಯಿತು. ನನ್ನದು ಎಂಟನೇ ನಂಬರ್ ಅಂತ ಹಳೆಯ ಲೆಕ್ಕ ಹೇಳಬೇಡಿ. ವಯಸ್ಸಾದ ಹಾಗೆ ಪಾದ ಬದಲಾಗುತ್ತದೆ, ಒಂದೊಂದು ಕಂಪನಿಯ ಎಂಟೂ ಒಂದೊಂದು ಥರ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2018ರ ಒಂದು ವರದಿಯ ಪ್ರಕಾರ ನೂರಕ್ಕೆ 63ರಿಂದ 72 ಜನ ಪಾದದ ಉದ್ದಕ್ಕೋ ಅಗಲಕ್ಕೋ ಹೊಂದದ ಪಾದರಕ್ಷೆಯನ್ನೇ ಹಾಕಿಕೊಂಡಿದ್ದರು.

ಬೂಟಿನ ಒಳ ಅಟ್ಟೆಯನ್ನು ಹೊರಗೆ ತೆಗೆದು ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಕಿರುಬೆರಳು ಅಂಚು ದಾಟಿ ಹೊರಗೆ ಬಂದರೆ ಆ ಬೂಟು ನಿಮ್ಮದಲ್ಲ, ಕೆಳಗಿಡಿ. ಒಳ ಅಟ್ಟೆ ತೆಗೆಯಲು ಬಾರದಂತೆ ಅಂಟಿಸಿದ್ದರೆ ಅದೂ ಬೇಡ, ಮುಂದೆ ಬೇರೆ ಅಟ್ಟೆ ಹಾಕಬೇಕಾದರೆ ಜಾಗವಿರುವುದಿಲ್ಲ. ಬೂಟನ್ನು ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡದಲ್ಲಿ ಬಗ್ಗಬೇಕು, ಅಂಗಾಲಿನ ನಡುವೆ ಬಗ್ಗಬಾರದು. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಅಲ್ಲಿ ಗಟ್ಟಿಯಾಗಿರಬೇಕು. ಎತ್ತರದ ಬೂಟಾದರೆ ಕುತ್ತಿಗೆಯ ಅಂಚು ನಿಮ್ಮ ಗಿಣ್ಣಿನ ಮೂಳೆಯ ಮೇಲೆ, ಆಪರೇಷನ್ ಆಗಿದ್ದರೆ ಹೊಲಿಗೆಯ ಗುರುತಿನ ಮೇಲೆ ಉಜ್ಜದಿರಲಿ. ಹಾಕಿಕೊಂಡ ಮೇಲೆ ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಉಕ್ಕಿನ ಕವಚವಿರುವುದರಿಂದ ಹೊರಗಿನಿಂದ ಒತ್ತಿ ನೋಡಲಾಗುವುದಿಲ್ಲ. ಲೇಸು ಬಿಚ್ಚಿ ಪಾದವನ್ನು ಮುಂದೆ ತಳ್ಳಿ, ಹಿಮ್ಮಡಿಯ ಹಿಂದೆ ಒಂದು ಬೆರಳು ತೂರುತ್ತದಾ ನೋಡಿ. ಆಮೇಲೆ ಲೇಸು ಕಟ್ಟಿ ಅಂಗಡಿಯಲ್ಲೇ ನಿಂತುಬಿಡಿ. ನಡೆದು ನೋಡುವವರು ಬಹಳ ಜನ, ನಿಂತು ನೋಡುವವರು ಕಡಿಮೆ. ನಿಮ್ಮದು ನಿಲ್ಲುವ ಕೆಲಸ, ನಿಂತೇ ನೋಡಿ. ಅಂಗಡಿಯವರು ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ಹಿತ ಅಂದರೆ ಮೆತ್ತಗೆ ಅಂತ ತಿಳಿಯಬೇಡಿ. ನಿಮ್ಮ ತಂಗಿಗೂ ಇದನ್ನು ಹೇಳಿ. ಹೆಬ್ಬೆರಳು ಹೂತುಹೋಗುವಷ್ಟು ಮೆತ್ತನೆಯ ಅಟ್ಟೆ ಮೊದಲ ಗಂಟೆ ಸುಖ ಕೊಡುತ್ತದೆ. ಆಮೇಲೆ ಸಮತೋಲಕ್ಕಾಗಿ ಕಾಲಿನ ಸ್ನಾಯುಗಳು ಸದಾ ದುಡಿಯಬೇಕಾಗುತ್ತದೆ. ಪೆಟ್ಟು ಬಿದ್ದ ಗಿಣ್ಣಿಗೆ ತಾನು ಯಾವ ಕೋನದಲ್ಲಿದ್ದೇನೆ ಅನ್ನುವ ಅರಿವೇ ಮಂಕಾಗಿರುತ್ತದೆ, ಅದಕ್ಕೆ ಅಲುಗಾಡುವ ನೆಲ ಬೇಡ. ಇವಿಎ ಅನ್ನುವ ಹಗುರವಾದ ಫೋಮ್‌ನ ಅಟ್ಟೆ ಬೇಗ ಅಪ್ಪಚ್ಚಿಯಾಗುತ್ತದೆ. ಪಾಲಿಯುರೆಥೇನ್ ಕೊಂಚ ಭಾರ, ಆದರೆ ಜಾಸ್ತಿ ದಿನ ಪುಟಿತನ ಉಳಿಸಿಕೊಳ್ಳುತ್ತದೆ. ನಿಂತು ಮಾಡುವ ಕೆಲಸಕ್ಕೆ ನನ್ನ ಒಲವು ಪಾಲಿಯುರೆಥೇನ್ ಕಡೆಗೆ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿದ್ದ ಹಳೆಯ ಸ್ಟಾಕ್ ತರಬೇಡಿ. ಗಾಳಿಯ ತೇವ ಹೀರಿ ಆ ಅಟ್ಟೆ ಒಂದು ದಿನ ಪುಡಿಪುಡಿಯಾಗಿ ಉದುರುತ್ತದೆ. ಕೈಯಲ್ಲಿ ಆಗುವುದಾದರೆ ಎರಡು ಜೊತೆ ತಗೊಂಡು ದಿನ ಬಿಟ್ಟು ದಿನ ಹಾಕಿ, ಒಳಗಿನ ಬೆವರು ಆರಲು ಹೊತ್ತು ಸಿಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಕಾಲನ್ನೇ ಕೇಳಿ ಅನ್ನುವ ನನ್ನ ಮಾತು ಕಾಲಿಗೆ ಸ್ಪರ್ಶ ಸರಿಯಿದ್ದವರಿಗೆ ಮಾತ್ರ. ಸಕ್ಕರೆ ಕಾಯಿಲೆಯಿಂದಲೋ ಪೆಟ್ಟಿನಿಂದ ನರಕ್ಕೆ ಏಟು ಬಿದ್ದೋ ಪಾದ ಜೋಮು ಹಿಡಿದಂತಿದ್ದರೆ ಬೂಟು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅಂಥವರು ತಜ್ಞರಿಂದ ಅಳೆಸಿಯೇ ತಗೋಬೇಕು, ದಿನಾ ಪಾದ ನೋಡಿಕೊಳ್ಳಬೇಕು. ಇನ್ನು, ಬೂಟು ಎಷ್ಟು ಎತ್ತರವಿದ್ದರೂ ಗಿಣ್ಣಿನ ಬಲವನ್ನು ಅದು ತಂದುಕೊಡುವುದಿಲ್ಲ. ಅದನ್ನು ತರುವುದು ವ್ಯಾಯಾಮ. ಒಂಟಿಕಾಲಲ್ಲಿ ನಿಲ್ಲುವಂಥ ಸಮತೋಲದ ಅಭ್ಯಾಸದಿಂದ ಕಾಲು ಮತ್ತೆ ಮತ್ತೆ ಉಳುಕುವುದು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರಗಳಿವೆ. ಯಾವಾಗ ಶುರು ಮಾಡಬಹುದು ಅಂತ ಫಿಸಿಯೋ ಅವರನ್ನು ಕೇಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೂಟಿನ ಪ್ರಶ್ನೆಯಲ್ಲ. 'ಇಡೀ ಪಾಳಿ ನಿಂತು' ಅಂತ ಬರೆದಿದ್ದೀರಿ. ಅದು ಮಳೆ ಬಿಸಿಲಿನ ಹಾಗೆ ತಪ್ಪಿಸಲಾಗದ್ದು ಅನ್ನುವಂತೆ ಬರೆದಿದ್ದೀರಿ. ಯಾಕೆ ಗೆಳೆಯರೇ? ಕೂರಲು ಒಂದು ಸ್ಟೂಲ್ ಕೇಳಿದ್ದೀರಾ? ಕೇಳಬಹುದು ಅಂತ ನಿಮಗೆ ಅನ್ನಿಸಲೇ ಇಲ್ವಾ?

ನಾವು ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ನಿಂತಲ್ಲೇ ನಿಂತಾಗ ಆ ಕೆಲಸ ನಿಧಾನವಾಗಿ ರಕ್ತ ಕಾಲಿನಲ್ಲೇ ಉಳಿಯುತ್ತದೆ. ಬಾವು, ಉಬ್ಬಿದ ನರ ಎಲ್ಲ ಅಲ್ಲಿಂದಲೇ. ಕೆನಡಾದ ಒಂಟಾರಿಯೊದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು 12 ವರ್ಷ ಗಮನಿಸಿದ ಒಂದು ಅಧ್ಯಯನದಲ್ಲಿ, ಬಹುಪಾಲು ನಿಂತೇ ಕೆಲಸ ಮಾಡುವವರಿಗೆ ಹೃದ್ರೋಗದ ಅಪಾಯ ಬಹುಪಾಲು ಕೂತು ಮಾಡುವವರಿಗಿಂತ ಸುಮಾರು ಎರಡು ಪಟ್ಟು ಕಂಡುಬಂತು. ಇದಕ್ಕೆ ಯಾವ ಬೂಟು ಮದ್ದು?

ಅಕ್ಷರದ ಅಚ್ಚುಮೊಳೆ ಜೋಡಿಸಿ ಪತ್ರಿಕೆ ಅಚ್ಚು ಹಾಕುತ್ತಿದ್ದ ಕಾಲದ ಒಬ್ಬ ಹಿರಿಯ ಕಂಪೋಸಿಟರ್ ನನಗೆ ಗೊತ್ತಿದ್ದರು. ದಿನವಿಡೀ ನಿಂತೇ ಕೆಲಸ. ಅವರ ಕಾಲ ಬಳಿ ಸದಾ ಒಂದು ಮರದ ತುಂಡು ಇರುತ್ತಿತ್ತು. ಒಂದಷ್ಟು ಹೊತ್ತು ಎಡಗಾಲು ಅದರ ಮೇಲೆ, ಒಂದಷ್ಟು ಹೊತ್ತು ಬಲಗಾಲು. ಸೊಂಟಕ್ಕೆ ಆರಾಮ ಸಿಗಲಿ ಅಂತ ಇವತ್ತು ತಜ್ಞರು ಹೇಳುವುದೂ ಇದನ್ನೇ. ಒಮ್ಮೆ ಮಾಲೀಕರು ಬಂದವರು, ಇದೇನು ಕಾಲ ಮೇಲೆ ಕಾಲು ಹಾಕಿದ ಹಾಗೆ ನಿಂತಿದ್ದೀರಿ ಅಂತ ಆ ತುಂಡನ್ನು ಎತ್ತಿಸಿ ಹೊರಗೆ ಹಾಕಿಸಿದರು. ನೆನೆದರೆ ಈಗಲೂ ಸಂಕಟವಾಗುತ್ತದೆ. ಕೂತವರು ಮೈಗಳ್ಳರು, ನಿಂತವರು ದುಡಿಯುವವರು ಅನ್ನುವ ಭಾವನೆ ಮಾಲೀಕರ ತಲೆಯಿಂದ ಇನ್ನೂ ಹೋಗಿಲ್ಲ. ಬೂಟನ್ನೂ ಅವರು ಒಂದೇ ಅಚ್ಚಿನಲ್ಲಿ ಸಗಟಾಗಿ ತರಿಸುತ್ತಾರೆ. ಹೆಂಗಸರ ಹಿಮ್ಮಡಿ ಸಾಮಾನ್ಯವಾಗಿ ಕಿರಿದು. ಆದರೂ ಗಂಡಸರ ಬೂಟಿನ ಚಿಕ್ಕ ನಂಬರನ್ನೇ ಅವರ ಕೈಗೆ ಕೊಡುತ್ತಾರೆ. ಕಚ್ಚುತ್ತೆ ಅಂದರೆ ಸೆಟ್ ಆಗುತ್ತೆ ಹೋಗಿ ಅನ್ನುತ್ತಾರೆ. ಆ ಮಾತು ಮೇಲಿನಿಂದ ಇಳಿದು ಇಳಿದು ಕೊನೆಗೆ ನಿಮ್ಮ ಜೊತೆಯವರ ಬಾಯಿಗೂ ಬಂದಿದೆ.

ಕೂರುವ ಹಕ್ಕು ಹೊಸ ಬೇಡಿಕೆಯೇನಲ್ಲ. ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ಹೆಂಗಸರಿಗೆ ಆಸನ ಕೊಡಬೇಕು ಅಂತ ಬ್ರಿಟನ್ 1899ರಲ್ಲೇ ಕಾಯ್ದೆ ಮಾಡಿತು. ಅಂಗಡಿ, ಕಚೇರಿಗಳ ಕೆಲಸಗಾರರಿಗೆ ಸಾಕಷ್ಟು ಆಸನ ಇರಬೇಕು, ಅದನ್ನು ಬಳಸಲು ಅವಕಾಶವೂ ಇರಬೇಕು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1964ರ ತನ್ನ ಒಡಂಬಡಿಕೆಯಲ್ಲಿ ಬರೆಯಿತು. ಆಸನ ಇದ್ದರೆ ಸಾಲದು, ಕೂರಲು ಬಿಡಬೇಕು ಅನ್ನುವುದನ್ನೂ ಅವರು ಸೇರಿಸಿದ್ದು ಗಮನಿಸಿ.

ಹಾಗಾಗಿ ಬೂಟು ಕೊಳ್ಳುವ ಮೊದಲು ಇನ್ನೊಂದು ಸಲ ಡಾಕ್ಟರ ಬಳಿ ಹೋಗಿ. ಕೆಲಸಕ್ಕೆ ಹೋಗಬಹುದು ಅಂತಷ್ಟೇ ಬರೆಸಿಕೊಳ್ಳಬೇಡಿ. ಒಂದೇ ಸಮನೆ ಎಷ್ಟು ಹೊತ್ತು ನಿಲ್ಲಬಹುದು, ನಡುವೆ ಎಷ್ಟು ಹೊತ್ತು ಕೂರಬೇಕು ಅನ್ನುವುದನ್ನೂ ಬರೆಸಿಕೊಳ್ಳಿ. ಅದರ ಪ್ರತಿ ಇಟ್ಟು ಸ್ಟೂಲ್, ಕಾಲಡಿಗೆ ರಬ್ಬರ್ ಹಾಸು, ಕಾಲಿಡಲು ಒಂದು ಚಿಕ್ಕ ಮೆಟ್ಟಿಲು ಬೇಕು ಅಂತ ಬರವಣಿಗೆಯಲ್ಲೇ ಕೇಳಿ. ಜೊತೆಯವರ ಸಹಿಯನ್ನೂ ಹಾಕಿಸಿ, ಅವರ ಕಾಲೂ ನೋಯುತ್ತಿರುತ್ತದೆ ಅಲ್ವಾ? ಏನು ಉತ್ತರ ಬಂತು ಅಂತ ನನಗೆ ಬರೆಯಿರಿ. ಕೊಡುವುದಿಲ್ಲ ಅಂದರೆ ಆ ಉತ್ತರವನ್ನೂ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.