ನಾಲ್ಕು ಕಿಲೋ ಇಳಿದೆ, ಎದೆಯುರಿ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ಎತ್ತರ 162 ಸೆಂ.ಮೀ. ಮೂರು ತಿಂಗಳ ಹಿಂದೆ ತೂಕ 82 ಕಿಲೋ ಇತ್ತು. ಐದಾರು ವರ್ಷದಿಂದ ಎದೆಯುರಿ, ಹುಳಿತೇಗು. ರಾತ್ರಿ ಮಲಗಿದರೆ ಗಂಟಲಿಗೆ ಹುಳಿನೀರು ಬಂದು ಕೆಮ್ಮುತ್ತಾ ಎದ್ದು ಕೂರುತ್ತೇನೆ. ಎಂಡೋಸ್ಕೋಪಿ ಮಾಡಿಸಿದಾಗ ‘ಅನ್ನನಾಳದ ತುದಿ ಸ್ವಲ್ಪ ಕೆಂಪಾಗಿದೆ ಅಷ್ಟೆ, ಮಾತ್ರೆ ತಗೊಳ್ಳಿ, ತೂಕ ಇಳಿಸಿ’ ಎಂದರು. ದಿನಾ ಬೆಳಿಗ್ಗೆ ಒಂದು ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೆ. ಕಷ್ಟಪಟ್ಟು ನಾಲ್ಕು ಕಿಲೋ ಇಳಿಸಿದೆ. ಆ ಖುಷಿಯಲ್ಲಿ ಮಾತ್ರೆ ನಿಲ್ಲಿಸಿದೆ. ನಾಲ್ಕನೇ ದಿನಕ್ಕೆ ಹಿಂದೆಂದೂ ಬರದಷ್ಟು ಉರಿ! ಇಷ್ಟು ಬೆವರು ಸುರಿಸಿದ್ದು ದಂಡವೇ? ತೂಕಕ್ಕೂ ಎದೆಯುರಿಗೂ ನಿಜವಾಗಿ ಸಂಬಂಧ ಇದೆಯೇ, ಇಲ್ಲ ದಪ್ಪ ಇರುವವರಿಗೆ ಹೇಳಲು ನಿಮಗೆಲ್ಲ ಇದೊಂದೇ ಮಾತೇ?

ಉತ್ತರ: ಕೊನೆಯ ಸಾಲು ನನಗೆ ತಟ್ಟಿತು. ಮಂಡಿನೋವು ಎಂದರೂ ‘ತೂಕ ಇಳಿಸಿ’, ಸುಸ್ತು ಎಂದರೂ ‘ತೂಕ ಇಳಿಸಿ’ ಎಂದು ಹೇಳಿ ಮುಂದಿನ ರೋಗಿಯನ್ನು ಕರೆಯುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಇದೆ. ಆದರೆ ಎದೆಯುರಿಯ ವಿಷಯದಲ್ಲಿ ಆ ಮಾತಿಗೆ ಗಟ್ಟಿ ಆಧಾರವಿದೆ. ನಿಮ್ಮ ಬೆವರು ದಂಡವಾಗಿಲ್ಲ. ನೀವು ಎಡವಿದ್ದು ಬೇರೆ ಕಡೆ.

ಮೊದಲು ಆ ನಾಲ್ಕನೇ ದಿನದ ಉರಿಯ ಲೆಕ್ಕ ಚುಕ್ತಾ ಮಾಡೋಣ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಗಳು ಜಠರದಲ್ಲಿ ಆಮ್ಲ ತಯಾರಿಸುವ ಪಂಪುಗಳನ್ನು ಕಟ್ಟಿಹಾಕುತ್ತವೆ. ಆಮ್ಲ ಸಾಲದು ಎಂದು ದೇಹ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸಲು ಶುರುಮಾಡುತ್ತದೆ. ತಿಂಗಳುಗಟ್ಟಲೆ ನುಂಗಿದ ಮಾತ್ರೆಯನ್ನು ಒಂದೇ ದಿನ ಬಿಟ್ಟರೆ ಪಂಪುಗಳ ಕಟ್ಟು ಬಿಚ್ಚುತ್ತದೆ, ಆದರೆ ಹಾರ್ಮೋನಿನ ಒತ್ತಾಯ ಕೆಲವು ವಾರ ಹಾಗೇ ಉಳಿಯುತ್ತದೆ. ಆಗ ಆಮ್ಲ ಮೊದಲಿಗಿಂತ ಜಾಸ್ತಿ ಬರುತ್ತದೆ. ನಿಮಗೆ ಆಗಿರುವುದು ಬಹುಮಟ್ಟಿಗೆ ಇದೇ. ಇದನ್ನು ನೋಡಿ ‘ತೂಕ ಇಳಿಸಿ ಪ್ರಯೋಜನವಿಲ್ಲ’ ಎಂದು ತೀರ್ಮಾನಿಸಬೇಡಿ.

ಈಗ ತೂಕದ ಸಂಗತಿ. ಅನ್ನನಾಳ ಜಠರಕ್ಕೆ ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಬಿಗಿಬಳೆ ಇದೆ. ಅದರ ಸುತ್ತ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯಂಥ ಸ್ನಾಯು, ಹೊರಗಿನಿಂದ ಇನ್ನೊಂದು ಹಿಡಿತ ಕೊಡುತ್ತದೆ. ಎರಡೂ ಒಂದರ ಮೇಲೊಂದು ಕೂತಿರುವವರೆಗೆ ಬಾಗಿಲು ಭದ್ರ. ಹೊಟ್ಟೆಯೊಳಗೆ ಕೊಬ್ಬು ತುಂಬಿದಷ್ಟೂ ಜಠರದ ಮೇಲಿನ ಒತ್ತಡ ಏರುತ್ತದೆ. ಬಾಗಿಲು ಆಗಾಗ ತಾನಾಗಿ ಸಡಿಲವಾಗುವುದು ಎಲ್ಲರಲ್ಲೂ ಇದೆ, ತೇಗು ಬರುವುದೇ ಹಾಗೆ. ಒತ್ತಡ ಹೆಚ್ಚಿದ್ದವರಲ್ಲಿ ಆ ಹೊತ್ತಿಗೆ ಗಾಳಿಯ ಜೊತೆ ಆಮ್ಲವೂ ಮೇಲೆ ನುಗ್ಗುತ್ತದೆ. ವರ್ಷಾನುಗಟ್ಟಲೆ ಹೀಗೆ ತಳ್ಳಿಸಿಕೊಂಡ ಜಠರದ ಮೇಲ್ತುದಿ ಕೆಲವರಲ್ಲಿ ವಪೆಯ ಕಿಂಡಿಯಿಂದ ಎದೆಯತ್ತ ಜಾರುತ್ತದೆ. ಅದೇ ಹಯಾಟಸ್ ಹರ್ನಿಯಾ. ಆಮೇಲೆ ಎರಡು ಹಿಡಿತಗಳೂ ಬೇರೆಬೇರೆಯಾಗಿ ಬಾಗಿಲು ಇನ್ನಷ್ಟು ಸಡಿಲವಾಗುತ್ತದೆ.

ಆದ್ದರಿಂದಲೇ ನಾನು ತೂಕದ ಯಂತ್ರಕ್ಕಿಂತ ಟೈಲರ್ ಟೇಪನ್ನು ಹೆಚ್ಚು ನಂಬುವುದು. ತೊಡೆಯ ಕೊಬ್ಬು ಜಠರವನ್ನು ಒತ್ತುವುದಿಲ್ಲ, ಒತ್ತುವುದು ಸೊಂಟದ ಸುತ್ತಿನದು. ನಿಮ್ಮ ಪತ್ರದಲ್ಲಿ ಎತ್ತರ ಇದೆ, ತೂಕ ಇದೆ, ಸೊಂಟದ ಅಳತೆ ಇಲ್ಲ. ಇವತ್ತೇ ಅಳೆದು ಬರೆದಿಡಿ.

ನಾಲ್ಕು ಕಿಲೋ ಸಾಕೇ? ನಾರ್ವೆಯ ಒಂದು ಪ್ರಾಂತ್ಯದಲ್ಲಿ ಹಂಟ್ ಎಂಬ ದೊಡ್ಡ ಆರೋಗ್ಯ ಸಮೀಕ್ಷೆ ನಡೆಯುತ್ತದೆ. ಸುಮಾರು ಹತ್ತು ವರ್ಷಗಳ ಅಂತರದಲ್ಲಿ ಅದೇ ಜನರನ್ನು ಎರಡು ಸಲ ವಿಚಾರಿಸಿ, ಸುಮಾರು 29,600 ಮಂದಿಯ ವಿವರವನ್ನು 2013ರಲ್ಲಿ ಪ್ರಕಟಿಸಿದರು. ತೂಕ ಇಳಿದಷ್ಟೂ ಎದೆಯುರಿ ಬಿಟ್ಟುಹೋಗುವ ಸಂಭವ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕಿ, ಮೂರೂವರೆಗಿಂತ ಹೆಚ್ಚು ಇಳಿದವರಲ್ಲಿ, ಮಾತ್ರೆ ಅಷ್ಟಾಗಿ ತೆಗೆದುಕೊಳ್ಳದಿದ್ದರೆ ಈ ಸಂಭವ ಸುಮಾರು ಎರಡು ಪಟ್ಟು. ವಾರಕ್ಕೊಮ್ಮೆಯಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಸುಮಾರು ನಾಲ್ಕು ಪಟ್ಟು! ಅಂದರೆ ತೂಕ ಇಳಿಸುವುದೂ ಮಾತ್ರೆಯೂ ಒಂದಕ್ಕೊಂದು ಹೆಗಲು ಕೊಡುತ್ತವೆ. ನೀವು ಒಂದನ್ನು ಹಿಡಿದು ಇನ್ನೊಂದನ್ನು ಕೈಬಿಟ್ಟಿರಿ.

ನಿಮ್ಮ ಎತ್ತರಕ್ಕೆ ಬಿಎಂಐ ಮೂರೂವರೆ ಎಂದರೆ ಹೆಚ್ಚುಕಡಿಮೆ ಒಂಬತ್ತು ಕಿಲೋ. ನೀವು ಅರ್ಧದಾರಿಯ ಹತ್ತಿರ ಬಂದಿದ್ದೀರಿ. ಅದೇ ವರ್ಷ ಅಮೆರಿಕದಲ್ಲಿ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ 332 ಮಂದಿಯ ಅಧ್ಯಯನವೂ ಬಂತು. ಶುರುವಿನಲ್ಲಿ ಅವರಲ್ಲಿ ಶೇ. 37 ಮಂದಿಗೆ ಆಸಿಡ್ ರಿಫ್ಲಕ್ಸ್, ಅಂದರೆ ಜಠರದ ಆಮ್ಲ ಮೇಲೆ ನುಗ್ಗುವ ಈ ತೊಂದರೆ, ಇತ್ತು, ಆರು ತಿಂಗಳ ನಂತರ ಶೇ. 15 ಮಂದಿಗೆ. ಹೆಂಗಸರಲ್ಲಿ ತೂಕದ ಶೇ. 5ರಿಂದ 10 ಇಳಿದಾಗಲೇ ವ್ಯತ್ಯಾಸ ಕಂಡಿತ್ತು, ಗಂಡಸರಲ್ಲಿ ಶೇ. 10 ದಾಟಬೇಕಾಯಿತು. ನಿಮ್ಮ ನಾಲ್ಕು ಕಿಲೋ ಎಂದರೆ ಹತ್ತಿರಹತ್ತಿರ ಶೇ. 5. ಹೊಸ್ತಿಲಲ್ಲಿ ನಿಂತು ‘ಮನೆಯೇ ಇಲ್ಲ’ ಎನ್ನುತ್ತಿದ್ದೀರಿ.

ನನ್ನ ಸ್ವಂತ ಪುರಾಣ ಇಲ್ಲಿ ಸ್ವಲ್ಪ. ರಾತ್ರಿಪಾಳಿಗಳ ಕಾಲದಲ್ಲಿ ನನ್ನ ಸೊಂಟ 101 ಸೆಂ.ಮೀ. ಆಗಿತ್ತು. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಶೂ ಲೇಸ್ ಕಟ್ಟಲು ಬಗ್ಗಿದರೆ ಬೆಲ್ಟಿನ ಬಕಲ್ ಹೊಟ್ಟೆಗೆ ಒತ್ತುತ್ತಿತ್ತು, ಎಡಗಾಲಿನ ಗಂಟು ಮುಗಿಯುವಷ್ಟರಲ್ಲಿ ಗಂಟಲಲ್ಲಿ ಹುಳಿ. ಬಲಗಾಲಿಗೆ ಒಮ್ಮೆ ಎದ್ದು ನಿಂತು, ಉಗುಳು ನುಂಗಿ, ಮತ್ತೆ ಬಗ್ಗಬೇಕು. ರೋಗಿಗಳಿಗೆ ದಿನಾ ಬೋಧಿಸುವವನು ನಾಚಿಕೆಪಟ್ಟು ಲೇಸಿಲ್ಲದ ಶೂ ಕೊಂಡೆ! ಅದು ಚಿಕಿತ್ಸೆಯಾಗಲಿಲ್ಲ ಬಿಡಿ. ರಾತ್ರಿಗೆಂದು ಮೂರು ದಿಂಬು ಪೇರಿಸಿದೆ. ಅದೂ ತಪ್ಪೇ. ದಿಂಬಿನ ಗುಡ್ಡೆಯ ಮೇಲೆ ಕತ್ತು ಮಾತ್ರ ಏರಿ, ದೇಹ ಹೊಟ್ಟೆಯ ಹತ್ತಿರ ಮಡಚಿಕೊಂಡು, ಒತ್ತಡ ಹೆಚ್ಚೇ ಆಗುತ್ತದೆ. ಕೊನೆಗೆ ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಒಂದು ಗೇಣಿಗಿಂತ ತುಸು ಕಡಿಮೆ ಎತ್ತರದ ಮರದ ತುಂಡು ಇಟ್ಟೆ. ಕೆಮ್ಮಿ ಏಳುವುದು ಆ ವಾರವೇ ಕಡಿಮೆಯಾಯಿತು.

ಸೊಂಟ 93ಕ್ಕೆ ಬರಲು ಹನ್ನೊಂದು ತಿಂಗಳು ಹಿಡಿಯಿತು. ಮೊದಲ ಮೂರು ತಿಂಗಳು ಯಂತ್ರದ ಮುಳ್ಳು ಇಳಿದರೂ ಎದೆಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ಯಾವತ್ತು ಎಂದು ಹೇಳಲಾರೆ, ಹಳೇ ಲೇಸಿನ ಶೂ ಹಾಕಿಕೊಂಡು ಎರಡೂ ಗಂಟು ಒಂದೇ ಉಸಿರಿಗೆ ಕಟ್ಟಿದ್ದು ಬಾಗಿಲು ದಾಟಿದ ಮೇಲೆ ಗಮನಕ್ಕೆ ಬಂತು.

ನೀವು ಈಗ ಮಾಡಬೇಕಾದ್ದು: ನಿಮ್ಮ ವೈದ್ಯರನ್ನು ಕೇಳಿ ಮಾತ್ರೆ ಮತ್ತೆ ಶುರುಮಾಡಿ. ಅದನ್ನು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಿ, ಊಟವಾದ ಮೇಲೆ ನುಂಗಿದರೆ ಅಷ್ಟು ಚೆನ್ನಾಗಿ ಕೆಲಸ ಮಾಡದಿರಬಹುದು. ಕೊನೆಯ ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಇರಲಿ. ಎಡಮಗ್ಗುಲಿಗೆ ಮಲಗಿ, ಆಗ ಜಠರ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ. ಇನ್ನು ನಾಲ್ಕೈದು ಕಿಲೋ, ಅದಕ್ಕಿಂತ ಮುಖ್ಯವಾಗಿ ಸೊಂಟದ ಐದಾರು ಸೆಂಟಿಮೀಟರು ಇಳಿದ ಮೇಲೆ ಮಾತ್ರೆಯನ್ನು ಮೆಲ್ಲಗೆ ಕಡಿಮೆ ಮಾಡುವ ಮಾತಾಡಿ. ನಿಮ್ಮ ಎಂಡೋಸ್ಕೋಪಿಯಲ್ಲಿ ಬರೀ ಕೆಂಪು ಇದ್ದುದರಿಂದ ಈ ಮಾತು ಹೇಳುತ್ತಿದ್ದೇನೆ. ದೊಡ್ಡ ಹುಣ್ಣು ಅಥವಾ ಅನ್ನನಾಳದ ಒಳಪದರದಲ್ಲಿ ಬ್ಯಾರೆಟ್ಸ್ ಎಂಬ ಬದಲಾವಣೆ ಇದ್ದವರು ಎಷ್ಟು ತೆಳ್ಳಗಾದರೂ ಮಾತ್ರೆಯನ್ನು ತಾವಾಗಿ ಬಿಡಕೂಡದು.

ಪ್ರಶ್ನೆ: ನನ್ನದು ಉಲ್ಟಾ ಕಥೆ ಸಾರ್. ವಯಸ್ಸು 38. ತೂಕ ಇಳಿಸಲು ಹೊರಟ ಮೇಲೇ ಎದೆಯುರಿ ಶುರುವಾಗಿದ್ದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ವಿನೆಗರ್ ನೀರು, ಆಮೇಲೆ ನೂರು ಕ್ರಂಚಸ್, ದಿನಕ್ಕೆ ಒಂದೇ ಊಟ, ರಾತ್ರಿ ಹತ್ತಕ್ಕೆ. ಓಡುವಾಗಲೂ ಎದೆ ಉರಿಯುತ್ತದೆ.

ಉತ್ತರ: ಪತ್ರದ ಕೊನೆಯ ವಾಕ್ಯದಿಂದ ಶುರುಮಾಡುತ್ತೇನೆ. ಓಡುವಾಗ ಬಂದು, ನಿಂತರೆ ಹೋಗುವ ಉರಿ ಹೃದಯದ್ದೂ ಆಗಿರಬಹುದು. ಎಡಗೈ, ದವಡೆ, ಬೆನ್ನಿಗೆ ಹರಡಿದರೆ, ಬೆವರು ಕಿತ್ತುಬಂದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ. ಅದ್ಯಾವುದೂ ಇಲ್ಲದಿದ್ದರೂ ಹೃದಯ ಪರೀಕ್ಷೆ ಆಗುವವರೆಗೆ ಓಟ ಬಂದ್.

ಉಳಿದದ್ದು ನೀವೇ ಪಟ್ಟಿ ಮಾಡಿಕೊಟ್ಟಿದ್ದೀರಿ. ವಿನೆಗರ್ ಸ್ವತಃ ಆಮ್ಲ. ಕೆರಳಿದ ಅನ್ನನಾಳಕ್ಕೆ ಆಮ್ಲ ಸುರಿದು, ಕೂಡಲೇ ಹೊಟ್ಟೆ ಮಡಚಿ ನೂರು ಸಲ ಹಿಂಡಿದರೆ ಅದು ಇನ್ನೆಲ್ಲಿಗೆ ಹೋಗಬೇಕು? ಕ್ರಂಚಸ್‌ನಿಂದ ಹೊಟ್ಟೆಯ ಕೊಬ್ಬೇ ಆರಿಸಿ ಕರಗುತ್ತದೆ ಎನ್ನುವುದೂ ಸುಳ್ಳು. ಇಡೀ ದಿನದ ಊಟವನ್ನು ರಾತ್ರಿ ಹತ್ತಕ್ಕೆ ಒಮ್ಮೆಲೇ ತುಂಬಿಸಿದರೆ ಜಠರ ಹಿಗ್ಗುತ್ತದೆ, ಹಿಗ್ಗಿದಷ್ಟೂ ಆ ಬಿಗಿಬಳೆ ಪದೇ ಪದೇ ಸಡಿಲುತ್ತದೆ, ಅಷ್ಟರಲ್ಲಿ ನೀವು ಮಲಗಿರುತ್ತೀರಿ. ಅಷ್ಟೇ ಆಹಾರವನ್ನು ಹಗಲಿನಲ್ಲಿ ಎರಡು ಮೂರು ಭಾಗ ಮಾಡಿಕೊಳ್ಳಿ. ಹೃದಯ ಸರಿಯಿದೆ ಎಂದಾದ ಮೇಲೆ ಬಿರುಸು ನಡಿಗೆ ಒಳ್ಳೆಯದು, ಊಟವಾಗಿ ಎರಡು ಗಂಟೆ ಕಳೆದಿರಲಿ. ಭಾರ ಎತ್ತುವುದಾದರೆ ಉಸಿರು ಬಿಗಿಹಿಡಿಯಬೇಡಿ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕು, ಅದಕ್ಕಿಂತ ಜೋರಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯವಿದೆ. ಎದೆಯುರಿ ಕಳೆದು ಕಲ್ಲು ಪಡೆದಂತಾಗಬಾರದು!

ಪ್ರಶ್ನೆ: ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡರೆ ಆಸಿಡಿಟಿಯೂ ಹೋಗುತ್ತದೆಯೇ? ಇಂಜೆಕ್ಷನ್?

ಉತ್ತರ: ಯಾವ ಆಪರೇಷನ್ ಎಂಬುದರ ಮೇಲಿದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಆಮ್ಲ ಹುಟ್ಟುವ ದೊಡ್ಡ ಭಾಗವನ್ನು ಅನ್ನನಾಳದ ದಾರಿಯಿಂದ ದೂರ ಮಾಡುತ್ತಾರೆ, ಎದೆಯುರಿ ಸಾಮಾನ್ಯವಾಗಿ ಇಳಿಯುತ್ತದೆ. ಸ್ಲೀವ್ ಎಂಬುದರಲ್ಲಿ ಜಠರವನ್ನು ಕೊಯ್ದು ಸಣ್ಣ ಕೊಳವೆಯಂತೆ ಮಾಡುತ್ತಾರೆ. ಒಳಗಿನ ಒತ್ತಡ ಏರಿ ಎದೆಯುರಿ ಹೆಚ್ಚಿದವರಿದ್ದಾರೆ, ಹೊಸದಾಗಿ ಶುರುವಾದವರೂ ಇದ್ದಾರೆ. ಆದ್ದರಿಂದ ಆಪರೇಷನ್ ಬಗ್ಗೆ ಮಾತಾಡುವ ಮೊದಲೇ ‘ನನಗೆ ರಿಫ್ಲಕ್ಸ್ ಇದೆ’ ಎಂದು ಸರ್ಜನ್‌ಗೆ ಹೇಳಿ. ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್‌ಗಳು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಹಾಗಾಗಿ ಮೊದಮೊದಲು ಹುಳಿತೇಗು, ವಾಕರಿಕೆ ಜಾಸ್ತಿಯಾಗಬಹುದು.

ಪ್ರಶ್ನೆ: ನಾನು 51 ಕಿಲೋ, ಕಡ್ಡಿ. ನನಗೂ ಎದೆಯುರಿ. ಇನ್ನೂ ಇಳಿಸಲೇ?

ಉತ್ತರ: ಬೇಡವೇ ಬೇಡ. ತೂಕ ಹಲವು ಕಾರಣಗಳಲ್ಲಿ ಒಂದು ಮಾತ್ರ. ತೆಳ್ಳಗಿನವರ ಬಿಗಿಬಳೆಯೂ ಸಡಿಲುತ್ತದೆ. ಸಿಗರೇಟು, ತಡರಾತ್ರಿ ಊಟ, ಕೆಲವು ನೋವಿನ ಮಾತ್ರೆಗಳು ಇವೆಯೇ ನೋಡಿಕೊಳ್ಳಿ. ಮಾತ್ರೆಗೂ ಬಗ್ಗದಿದ್ದರೆ ಅನ್ನನಾಳದ ಆಮ್ಲವನ್ನು 24 ಗಂಟೆ ಅಳೆಯುವ ಪರೀಕ್ಷೆ ಇದೆ. ಕೆಲವರಲ್ಲಿ ಆಮ್ಲ ಮಾಮೂಲಾಗಿಯೇ ಇರುತ್ತದೆ, ನರಗಳೇ ಅತಿಸೂಕ್ಷ್ಮವಾಗಿರುತ್ತವೆ. ಅದಕ್ಕೆ ಮದ್ದು ಬೇರೆ.

ಪ್ರಶ್ನೆ: ಅಪ್ಪನಿಗೆ 63. ಇಪ್ಪತ್ತು ವರ್ಷದ ಆಸಿಡಿಟಿ. ಈಗ ನಾಲ್ಕು ತಿಂಗಳಲ್ಲಿ ಏಳು ಕಿಲೋ ತಾನಾಗಿ ಇಳಿದಿದ್ದಾರೆ. ಊಟ ಅರ್ಧಕ್ಕರ್ಧ ಕಡಿಮೆ, ಗಟ್ಟಿ ಪದಾರ್ಥ ಎದೆಯಲ್ಲಿ ನಿಂತಂತಾಗುತ್ತದೆ ಎಂದು ಮೆತ್ತಗಿನದೇ ತಿನ್ನುತ್ತಾರೆ. ಆದರೆ ಉರಿ ಮಾತ್ರ ಪೂರ್ತಿ ಹೋಗಿದೆ. ‘ನೋಡು, ತೂಕ ಇಳಿದದ್ದಕ್ಕೆ ಆಸಿಡಿಟಿ ವಾಸಿಯಾಯ್ತು’ ಎಂದು ಖುಷಿಯಾಗಿದ್ದಾರೆ. ಇನ್ನು ಮಾತ್ರೆ ನಿಲ್ಲಿಸಬಹುದೇ?

ಉತ್ತರ: ಈ ಪತ್ರಕ್ಕೆ ಸಂಚಿಕೆ ಬರುವವರೆಗೆ ಕಾಯಲಿಲ್ಲ. ಸಂಪಾದಕರಿಂದ ವಿಳಾಸ ಪಡೆದು ಅಂದೇ ಉತ್ತರ ಕಳಿಸಿದೆ. ಇಂಥದೇ ಪರಿಸ್ಥಿತಿ ಬೇರೆ ಮನೆಗಳಲ್ಲೂ ಇರಬಹುದೆಂದು ಇಲ್ಲಿ ಅಚ್ಚು ಹಾಕಿಸುತ್ತಿದ್ದೇನೆ.

ಇಳಿಸಿದ ತೂಕ ಬೇರೆ, ಇಳಿದ ತೂಕ ಬೇರೆ. ಪ್ರಯತ್ನವಿಲ್ಲದೆ ಏಳು ಕಿಲೋ ಹೋಗಿದೆ, ನುಂಗಲು ತಡೆಯಾಗುತ್ತಿದೆ, ವಯಸ್ಸು 63, ಹಳೆಯ ರಿಫ್ಲಕ್ಸ್. ಈ ನಾಲ್ಕೂ ಒಟ್ಟಿಗೆ ಕಂಡರೆ ನಾವು ಅನ್ನನಾಳದ ಕ್ಯಾನ್ಸರ್ ಇಲ್ಲ ಎಂದು ಖಚಿತಪಡಿಸಿಕೊಳ್ಳದೆ ಬಿಡುವುದಿಲ್ಲ. ಬಹುಕಾಲದ ಉರಿಯಿಂದ ಅನ್ನನಾಳ ಕಿರಿದಾಗಿರುವುದೂ ಉಂಟು, ಅದನ್ನು ಹಿಗ್ಗಿಸಬಹುದು. ಯಾವುದೆಂದು ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಉರಿ ನಿಂತದ್ದು ಸಮಾಧಾನದ ಸಂಗತಿ ಎಂದುಕೊಳ್ಳಬೇಡಿ. ಊಟ ಕಡಿಮೆಯಾದದ್ದಕ್ಕೂ ನಿಂತಿರಬಹುದು, ಅನ್ನನಾಳದ ಒಳಪದರ ಬದಲಾಗಿ ಉರಿ ತಿಳಿಯದಂತಾಗಿಯೂ ನಿಂತಿರಬಹುದು. ಮಲ ಟಾರಿನಂತೆ ಕಪ್ಪಗಿದೆಯೇ, ವಾಂತಿಯಲ್ಲಿ ರಕ್ತ ಕಂಡಿದೆಯೇ ಎಂದು ಅಪ್ಪನನ್ನೇ ಕೇಳಿ, ಗಂಡಸರು ಇದನ್ನು ತಾವಾಗಿ ಹೇಳುವುದಿಲ್ಲ. ಹೌದೆಂದರೆ ಇವತ್ತೇ ಆಸ್ಪತ್ರೆಗೆ ಹೊರಡಿ. ಇಲ್ಲವೆಂದರೂ ಈ ವಾರದೊಳಗೆ ಎಂಡೋಸ್ಕೋಪಿ ಆಗಲಿ. ಪರೀಕ್ಷೆ ಹೆಚ್ಚೆಂದರೆ ಹತ್ತು ಹದಿನೈದು ನಿಮಿಷದ್ದು, ಎಷ್ಟು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು ಎಂದು ಅವರೇ ಹೇಳುತ್ತಾರೆ. ಅಪ್ಪ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮುಂಚೆಯೇ ತಿಳಿಸಿ. ಆಸಿಡಿಟಿ ಮಾತ್ರೆ ನಿಲ್ಲಿಸುವ ಪ್ರಶ್ನೆಯನ್ನು ವರದಿ ಕೈಗೆ ಬಂದ ಮೇಲೆ ಕೇಳಿ.