ಕಸೂತಿ ಹಾಕುತ್ತೇನೆ, ಆದರೆ ನನ್ನ ಕೆಲಸವನ್ನು ನಾನೇ ಹೇಳಿಕೊಳ್ಳಲು ಮುಜುಗರ. ಏನು ಮಾಡಲಿ?

ಹೇಳಿಕೊಳ್ಳಬೇಡಿ, ತೋರಿಸಿ. ಧಾರವಾಡದ ಕಸೂತಿಯಲ್ಲಿ ಅದು ಸುಲಭ. ಗವಂತಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತದೆ, ಅಲ್ವಾ? ಹಾಗಾದರೆ ಸೀರೆಯ ಹಿಂಬದಿಯ ಫೋಟೋವನ್ನೇ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ. ಗಂಟು ಕಾಣದಿದ್ದರೆ ಬಲ್ಲವರಿಗೆ ಬೇರೆ ಮಾತು ಬೇಕಿಲ್ಲ. ಎಷ್ಟು ದಿನ ಹಿಡಿಯಿತು, ಬೆಲೆ ಎಷ್ಟು ಅನ್ನುವುದನ್ನೂ ಬರೆಯಿರಿ. (ಬೆಲೆ ಹೇಳಲು ನಾಚಿಕೊಂಡರೆ ಜನ ಚೌಕಾಸಿಗೆ ಇಳಿಯುತ್ತಾರೆ!) ತೇರು, ಗೋಪುರದ ನಕ್ಷೆ ಕಲಿಸಿದವರ ಹೆಸರೂ ಜೊತೆಗಿರಲಿ.

ಇನ್ನೊಬ್ಬರನ್ನು ಮೆಚ್ಚುವಾಗ ಸುಮ್ನೆ ‘ಸೂಪರ್’ ಅನ್ನಬೇಡಿ. ಮೆಂತಿ ಹೊಲಿಗೆಯಲ್ಲಿ (× ಗುರುತಿನ ಹಾಗೆ ಹಾಕುವ ಹೊಲಿಗೆ) ಬಣ್ಣ ಚೆನ್ನಾಗಿ ಹೊಂದಿದ್ದರೆ ಅದನ್ನೇ ಹೇಳಿ.

ಹೊಸದು ಮಾಡಬೇಕು ಅನ್ನಿಸಿದರೆ ಇಳಕಲ್ ಸೀರೆ ಬಿಟ್ಟು ಕುರ್ತಾ ಕಾಲರ್, ಲ್ಯಾಪ್‌ಟಾಪ್ ಚೀಲ ನೋಡಿ. ಎಳೆ ಎಣಿಸಿ ಹಾಕುವ ಕೆಲಸ ಇದು, ಹಾಗಾಗಿ ಎಳೆ ಸ್ಪಷ್ಟವಾಗಿ ಕಾಣುವ ಬಟ್ಟೆಯನ್ನೇ ಆರಿಸಿ.