ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ 1967ರಲ್ಲಿ ಹಾಡಿದ 'ಡಾಕ್ ಆಫ್ ದ ಬೇ' (ಕೊಲ್ಲಿಯ ದಕ್ಕೆ) ಹಾಡಿನ ಕೊನೆಯ ಶಿಳ್ಳೆ ಸಾಹಿತ್ಯ ಮರೆತದ್ದರಿಂದ ಬಂದದ್ದೇ? ಬಿಡುಗಡೆಗೆ ಮೊದಲೇ ಗಾಯಕ ಸಾಯದೇ ಇದ್ದಿದ್ದರೂ ಇದು ಇಷ್ಟು ಜನಪ್ರಿಯವಾಗುತ್ತಿತ್ತೇ?

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಎರಡನೆಯದಕ್ಕೆ ನನ್ನ ಉತ್ತರ 'ಆಗುತ್ತಿತ್ತು' ಅಂತ. ಯಾಕೆ ಅನ್ನೋದಕ್ಕೆ ಸ್ವಲ್ಪ ಸುತ್ತು ಬಳಸಿ ಬರಬೇಕಾಗುತ್ತದೆ, ತಾಳ್ಮೆ ಇದ್ದರೆ ಓದಿ.

ಶಿಳ್ಳೆಯ ವಿಷಯ ಮುಗಿಸಿಬಿಡುತ್ತೇನೆ. ಓಟಿಸ್ ರೆಡ್ಡಿಂಗ್‌ಗೆ ಹಾಡಿನ ಕೊನೆಯಲ್ಲಿ ಮನಸ್ಸಿಗೆ ಬಂದದ್ದನ್ನು ಮಾತಾಡುತ್ತಾ, ಕೂಗುತ್ತಾ, ಬೇಡಿಕೊಳ್ಳುತ್ತಾ ಹೋಗುವ ಅಭ್ಯಾಸವಿತ್ತು. ಈ ಹಾಡಿನ ಕೊನೆಗೂ ಅಂಥದ್ದೇ ಏನೋ ಒಂದು ಬರಬೇಕಿತ್ತು, ಅದು ಹೊಳೆಯದೆ ಶಿಳ್ಳೆ ಹಾಕಿದ ಅನ್ನುವುದು ಜೊತೆಗೆ ಹಾಡು ಬರೆದ ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಹೇಳುತ್ತಿದ್ದ ಕಥೆ. ಆದರೆ ನಂತರದ ವರ್ಷಗಳಲ್ಲಿ ಹೊರಬಂದ ಮೊದಲಿನ ಟೇಕ್‌ಗಳಲ್ಲೂ ಶಿಳ್ಳೆ ಇದೆ. ಅಲ್ಲಿ ಅದು ಚೆನ್ನಾಗಿಲ್ಲ, ಬರೀ ಗಾಳಿ. ಶಿಳ್ಳೆ ಹಾಕಿ ಹೊಟ್ಟೆ ಹೊರೆಯೋದು ನಿನ್ನಿಂದಾಗದು ಅನ್ನುವ ಅರ್ಥದಲ್ಲಿ ಸ್ಟುಡಿಯೋದವರೊಬ್ಬರು ಕಿಚಾಯಿಸುವುದೂ ಕೇಳಿಸುತ್ತದೆ. ಹಾಗಾಗಿ ಕೊನೇ ಗಳಿಗೆಯಲ್ಲಿ ಸಾಹಿತ್ಯ ಮರೆತ ಅನ್ನುವುದು ಅರ್ಧ ನಿಜ. ಖಾಲಿ ಇದ್ದ ಜಾಗಕ್ಕೆ ತಾತ್ಕಾಲಿಕವಾಗಿ ಬಂದು ಕೂತ ಶಿಳ್ಳೆ ಅಲ್ಲೇ ಉಳಿದುಕೊಂಡಿತು.

ಈಗ ದೊಡ್ಡ ಪ್ರಶ್ನೆ. ಓಟಿಸ್ ಹುಟ್ಟಿದ್ದು 1941ರಲ್ಲಿ, ಜಾರ್ಜಿಯಾದ ಡಾಸನ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಮೇಕನ್‌ನಲ್ಲಿ. ಆರಡಿ ಮೀರಿದ ಆಳು, ಚರ್ಚ್‌ನಲ್ಲಿ ಹದವಾದ ಗಂಟಲು. ವೇದಿಕೆ ಮೇಲೆ ನಿಂತರೆ ಬೆವರಿಳಿಸಿ, ಕಾಲು ನೆಲಕ್ಕೆ ಅಪ್ಪಳಿಸಿ, ಒಂದೇ ಪದವನ್ನು ಹತ್ತು ಸಲ ತಿರುವಿ ಜನರನ್ನು ಕುರ್ಚಿಯಿಂದ ಎಬ್ಬಿಸುವವನು. ಗಾಯಕಿ ಅರೀತಾ ಫ್ರಾಂಕ್ಲಿನ್ ದೇಶಕ್ಕೆಲ್ಲ ಕೇಳಿಸಿದ 'ರೆಸ್ಪೆಕ್ಟ್' ಮೂಲತಃ ಇವನು 1965ರಲ್ಲಿ ಬರೆದು ಹಾಡಿದ್ದು. ಅಷ್ಟಾದರೂ ಅಮೆರಿಕದ ಜನಪ್ರಿಯ ಹಾಡುಗಳನ್ನು ವಾರವಾರ ಸಾಲಾಗಿಡುವ ಬಿಲ್‌ಬೋರ್ಡ್ ಪಾಪ್ ಪಟ್ಟಿಯಲ್ಲಿ ಬದುಕಿದ್ದಾಗ ಅವನಿಗೆ ದಕ್ಕಿದ ಅತಿ ಎತ್ತರದ ಸ್ಥಾನ 21. ಕಪ್ಪು ಜನರ ರೇಡಿಯೋಗಳಲ್ಲಿ ರಾಜ, ಬಿಳಿಯರ ರೇಡಿಯೋಗಳಲ್ಲಿ ಅತಿಥಿ.

1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಪಾಪ್ ಉತ್ಸವ ಆ ಗೋಡೆಯನ್ನು ಬಿರುಕು ಬಿಡಿಸಿತು. ಹೂಮಾಲೆ ಹಾಕಿಕೊಂಡ ಸಾವಿರಾರು ಹಿಪ್ಪಿಗಳ ಎದುರು, ಕೊರಳಪಟ್ಟಿ ಸರಿಮಾಡಿಕೊಂಡು ಸೂಟು ತೊಟ್ಟು ಬಂದ ಈ ಮೇಕನ್‌ನವನು ಹಾಡಿ ಇಳಿಯುವಷ್ಟರಲ್ಲಿ ಅವರೆಲ್ಲ ಅವನವರಾಗಿದ್ದರು. ಅದೇ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಲಬ್ಬೊಂದರಲ್ಲಿ ಹಾಡಲು ಬಂದಾಗ ಉಳಿದುಕೊಂಡದ್ದು ಗೋಲ್ಡನ್ ಗೇಟ್ ಸೇತುವೆಯಾಚೆಯ ಸಾಸಲಿಟೊದಲ್ಲಿ, ನೀರಿನ ಮೇಲಿನ ದೋಣಿಮನೆಯೊಂದರಲ್ಲಿ. ದೋಣಿಗಳು ಬರುವುದು ಹೋಗುವುದು ನೋಡುತ್ತಾ ಕೂತಾಗ ಹಾಡಿನ ಮೊದಲ ಸಾಲುಗಳು ಬಂದವು.

ನಾನಿರುವುದು ಅದೇ ಕೊಲ್ಲಿಯ ದಕ್ಷಿಣದ ತುದಿಯಲ್ಲಿ, ಸಾಫ್ಟ್‌ವೇರ್ ಕನ್ನಡಿಗರ ಮಧ್ಯೆ. ಊರಿಂದ ಬಂದವರನ್ನು ಸಾಸಲಿಟೊಗೆ ಕರೆದುಕೊಂಡು ಹೋಗುವುದು ಇಲ್ಲಿ ವಾಡಿಕೆ: ಫೆರಿ, ಐಸ್‌ಕ್ರೀಮ್, ಸೇತುವೆ ಹಿಂದಿಟ್ಟುಕೊಂಡು ಫೋಟೋ. ದೋಣಿಮನೆಗಳು ಇರುವ ಉತ್ತರದ ಕಡೆಗೆ ಹೆಚ್ಚಿನವರು ಹೋಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಅದೇ ದಂಡೆಯಲ್ಲಿ ಮ್ಯಾರಿನ್‌ಶಿಪ್ ಅನ್ನುವ ಹಡಗು ಕಟ್ಟುವ ಕಾರ್ಖಾನೆ ಇತ್ತು. ಕೆಲಸ ಸಿಗುತ್ತದೆ ಅಂತ ದಕ್ಷಿಣದ ರಾಜ್ಯಗಳಿಂದ ಅನೇಕ ಕಪ್ಪು ಕುಟುಂಬಗಳು ಗಂಟುಮೂಟೆ ಕಟ್ಟಿ ಬಂದವು. ಕೆಲಸ ಸಿಕ್ಕಿತು, ಕಾರ್ಮಿಕ ಸಂಘದಲ್ಲಿ ಸಮಾನ ಸದಸ್ಯತ್ವ ಸಿಗಲಿಲ್ಲ. ಜೋಸೆಫ್ ಜೇಮ್ಸ್ ಅನ್ನುವ ವೆಲ್ಡರ್ (ಆತ ಗಾಯಕನೂ ಹೌದು!) ಕೋರ್ಟಿಗೆ ಹೋಗಿ, 1944ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದ. ಯುದ್ಧ ಮುಗಿದ ಮೇಲೆ ಕಾರ್ಖಾನೆ ಮುಚ್ಚಿತು, ಬೇರೆ ಕಡೆ ಮನೆ ಕೊಡುವವರಿಲ್ಲದೆ ಆ ಕುಟುಂಬಗಳು ಪಕ್ಕದ ಮ್ಯಾರಿನ್ ಸಿಟಿಯಲ್ಲೇ ಉಳಿದವು. ಪಾಳುಬಿದ್ದ ಆ ದಂಡೆಯಲ್ಲೇ ಆಮೇಲೆ ದೋಣಿಮನೆಗಳು ಬೆಳೆದವು.

ಹಾಡಿನಲ್ಲಿ ಈ ಚರಿತ್ರೆಯ ಹೆಸರೇ ಇಲ್ಲ, ನಿಜ. ಆದರೆ ಜಾರ್ಜಿಯಾದ ಮನೆ ಬಿಟ್ಟು, ಎರಡು ಸಾವಿರ ಮೈಲಿ ಅಲೆದು ಈ ಕೊಲ್ಲಿಗೆ ಬಂದೆ, ಇಲ್ಲೂ ಏನೂ ಬದಲಾಗುವ ಹಾಗೆ ಕಾಣುತ್ತಿಲ್ಲ ಅಂತ ಒಬ್ಬ ಕಪ್ಪು ಮನುಷ್ಯ 1967ರಲ್ಲಿ ಹಾಡಿದಾಗ, ಅದು ಬರೀ ಒಬ್ಬನ ಬೇಸರವಾಗಿ ಉಳಿಯಲು ಸಾಧ್ಯವೇ? ಪಶ್ಚಿಮಕ್ಕೆ ಹೋದರೆ ದಿನ ತಿರುಗುತ್ತದೆ ಅಂತ ರೈಲು ಹತ್ತಿದ ಒಂದು ಪೀಳಿಗೆಯ ನಿಟ್ಟುಸಿರು ಅದರೊಳಗೆ ಕೂತಿದೆ. ಘೋಷಣೆ ಇಲ್ಲ, ದೂರಿಲ್ಲ. ಸುಮ್ಮನೆ ದಕ್ಕೆಯ ಮೇಲೆ ಕೂತು ಅಲೆ ನೋಡುವುದು, ಅಷ್ಟೇ. ಈ ಹಾಡಿನ ಹಿಡಿತ ಇರುವುದು ಅಲ್ಲಿ ಅನ್ನುವುದು ನನ್ನ ವಾದ: ಜೀವಮಾನವಿಡೀ ಬೇಡಿ, ಕೂಗಿ, ಗೋಗರೆದು ಹಾಡಿದವನು ಇಲ್ಲಿ ಯಾರನ್ನೂ ಏನನ್ನೂ ಕೇಳುತ್ತಿಲ್ಲ.

ಆ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಕೆಲಕಾಲ ಹಾಡದೆ ಸುಮ್ಮನಿರಬೇಕಾಯಿತು. ಬೀಟಲ್ಸ್‌ನವರ ಹೊಸ ಆಲ್ಬಂ ಕೇಳುತ್ತಾ ತನ್ನ ಹಾಡೂ ಬೇರೆ ದಾರಿ ಹಿಡಿಯಬೇಕು ಅಂತ ಯೋಚಿಸುತ್ತಿದ್ದ ಕಾಲವದು. ನವೆಂಬರ್‌ನಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋಗೆ ಬಂದು ಕ್ರಾಪರ್‌ನ ಎದುರು ಕೂತು ಮೊದಲ ಸಾಲು ಹಾಡಿದ. ಹಡಗುಗಳು ಉರುಳುತ್ತಾ ಬರುತ್ತವೆ ಅನ್ನುವ ಅರ್ಥದ ಸಾಲಿಗೆ ಕ್ರಾಪರ್ ತಕರಾರು ತೆಗೆದ: ಹಡಗು ಉರುಳಿದರೆ ನೀರು ತುಂಬಿಕೊಂಡು ಮುಳುಗುವುದಿಲ್ಲವೇ? ನನಗೆ ಬೇಕಾದದ್ದು ಅದೇ ಪದ ಅಂದನಂತೆ ಓಟಿಸ್. ಮುಂದಿನ ಸಾಲುಗಳಲ್ಲಿ ಓಟಿಸ್‌ನದೇ ಬದುಕಿನ ವಿವರ ಸೇರಿಸಿದವನು ಕ್ರಾಪರ್.

ಸ್ಟ್ಯಾಕ್ಸ್ ಅಂದರೆ ಹಳೇ ಸಿನಿಮಾ ಟಾಕೀಸು. ಕುರ್ಚಿ ಕಿತ್ತು ಸ್ಟುಡಿಯೋ ಮಾಡಿದ್ದರು, ಪರದೆಯ ಕಡೆ ಇಳಿಜಾರಾಗಿದ್ದ ನೆಲ ಹಾಗೇ ಇತ್ತು. ಗಿಟಾರ್‌ಗೆ ಕ್ರಾಪರ್, ಬೇಸ್‌ಗೆ ಡಕ್ ಡನ್, ಡ್ರಮ್ಸ್‌ಗೆ ಅಲ್ ಜಾಕ್ಸನ್, ಪಿಯಾನೋಗೆ ಬುಕರ್ ಟಿ ಜೋನ್ಸ್. ಕಪ್ಪು-ಬಿಳಿಯರನ್ನು ಬೇರೆಬೇರೆ ಇಡುವ ಪದ್ಧತಿ ಇನ್ನೂ ಹೊಗೆಯಾಡುತ್ತಿದ್ದ ಮೆಂಫಿಸ್‌ನಲ್ಲಿ ಇಬ್ಬರು ಬಿಳಿಯರು, ಇಬ್ಬರು ಕಪ್ಪು ಜನ ಒಂದೇ ಕೋಣೆಯಲ್ಲಿ ದಿನಗಟ್ಟಲೆ ಕೂತು ನುಡಿಸುತ್ತಿದ್ದರು.

ಗಿಟಾರ್ ಇದ್ದವರು ಇದನ್ನು ಒಮ್ಮೆ ನುಡಿಸಿ ನೋಡಿ. ಜಿ, ಬಿ, ಸಿ, ಎ: ಎಲ್ಲವೂ ಮೇಜರ್ ಕಾರ್ಡ್‌ಗಳು (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ). ಪಲ್ಲವಿಗೆ ಬಂದರೆ ಜಿ, ಇ, ಎ, ಅವೂ ಮೇಜರ್. ಇಷ್ಟು ಬೇಸರದ ಹಾಡಿನಲ್ಲಿ ಸಾಮಾನ್ಯವಾಗಿ ದುಃಖಕ್ಕೆ ಬಳಸುವ ಮೈನರ್ ಕಾರ್ಡ್ ಒಂದೇ ಒಂದೂ ಇಲ್ಲ! ಕರ್ನಾಟಕ ಸಂಗೀತ ಕಲಿತವರಿಗೆ ಹೇಳುವುದಾದರೆ, ಜಿ ಷಡ್ಜ ಅಂತಿಟ್ಟುಕೊಳ್ಳಿ. ಪಲ್ಲವಿಯಲ್ಲಿ 'ಬೇ' ಅನ್ನುವ ಪದಕ್ಕೆ ಇ ಮೇಜರ್ ಬಂದಾಗ ಅದರೊಳಗೆ ಶುದ್ಧ ರಿಷಭ ಇಣುಕುತ್ತದೆ. ಈಗಷ್ಟೇ ಷಡ್ಜದ ಮೇಲೆ ನೆಮ್ಮದಿಯಾಗಿ ಕೂತಿದ್ದ ಕಿವಿಗೆ ಕಾಲಡಿಯ ಹಲಗೆ ಅರ್ಧ ಸ್ವರ ಮೇಲೆದ್ದ ಹಾಗೆ. ಮತ್ತೆ ಜಿ, ಮತ್ತೆ ಇ, ಏರುವುದು, ಇಳಿಯುವುದು. ಬಿಸಿಲೇನೋ ಇದೆ, ನೆಲೆ ಇಲ್ಲ. ಹಾಡಿಗೆ ಆಮೇಲೆ ಅಲೆಯ ಸದ್ದು ಬೆರೆಸದಿದ್ದರೂ ಅಲೆ ಅಲ್ಲೇ ಇತ್ತು ಅಂತ ನನಗನ್ನಿಸುತ್ತದೆ. ಹಾಡು ಮುಗಿಯುವುದೂ ಈ ಎರಡು ಕಾರ್ಡ್‌ಗಳ ಮಧ್ಯೆ ತೂಗಾಡುತ್ತಲೇ.

ಕಂಪನಿಯವರಿಗೆ ಮೊದಲು ಇದು ರುಚಿಸಲಿಲ್ಲ. ಸ್ಟ್ಯಾಕ್ಸ್ ಒಡೆಯ ಜಿಮ್ ಸ್ಟೂವರ್ಟ್‌ಗೆ ಇದು ಸೋಲ್ (ಚರ್ಚ್ ಹಾಡಿನ ಛಾಪಿರುವ ಕಪ್ಪು ಜನರ ಸಂಗೀತ) ಅನ್ನಿಸಲೇ ಇಲ್ಲ, ಓಟಿಸ್‌ನ ಹೆಂಡತಿ ಜೆಲ್ಮಾಗೂ ಅಷ್ಟಕ್ಕಷ್ಟೇ. ಓಟಿಸ್ ಮಾತ್ರ ಇದು ತನ್ನ ಮೊದಲ ನಂಬರ್ ಒನ್ ಅಂತ ನಂಬಿದ್ದ. ಡಿಸೆಂಬರ್ ಮೊದಲ ವಾರ ಉಳಿದ ರೆಕಾರ್ಡಿಂಗ್ ಮುಗಿಸಿ ಪ್ರವಾಸಕ್ಕೆ ಹೊರಟ. ಡಿಸೆಂಬರ್ 10ರಂದು ಅವನ ಚಿಕ್ಕ ವಿಮಾನ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಬಳಿ ಮೊನೋನಾ ಸರೋವರಕ್ಕೆ ಬಿತ್ತು. ವಯಸ್ಸು 26. ಜೊತೆಗಿದ್ದ ಬಾರ್-ಕೇಸ್ ವಾದ್ಯತಂಡದ ಹುಡುಗರಲ್ಲಿ ಹೆಚ್ಚಿನವರು ಇಪ್ಪತ್ತನ್ನೂ ದಾಟದವರು. ವಿಮಾನದಲ್ಲಿದ್ದವರಲ್ಲಿ ಬದುಕಿದ್ದು ಟ್ರಂಪೆಟ್ ನುಡಿಸುವ ಬೆನ್ ಕಾಲಿ ಒಬ್ಬನೇ.

ಗೆಳೆಯ ಸತ್ತ ಸುದ್ದಿಯ ಬೆನ್ನಿಗೇ ಕ್ರಾಪರ್ ಹಾಡಿನ ಮಿಕ್ಸಿಂಗ್‌ಗೆ ಕೂರಬೇಕಾಯಿತು. ಟೇಕ್‌ಗಳ ಮಧ್ಯೆ ಓಟಿಸ್ ಕಡಲಹಕ್ಕಿಯ ಕೂಗನ್ನು ತಮಾಷೆಗೆ ಅಣಕಿಸಿದ್ದು ನೆನಪಾಗಿ, ಹಕ್ಕಿ ಮತ್ತು ಅಲೆಗಳ ಸದ್ದು ತರಿಸಿ ಬೆರೆಸಿದ. 1968ರ ಜನವರಿಯಲ್ಲಿ ಬಿಡುಗಡೆಯಾದ ಹಾಡು ಮಾರ್ಚ್‌ನಲ್ಲಿ ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೇರಿ ನಾಲ್ಕು ವಾರ ಇತ್ತು. ಗಾಯಕನ ಸಾವಿನ ನಂತರ ಹಾಡೊಂದು ಆ ಸ್ಥಾನಕ್ಕೇರಿದ್ದು ಅಮೆರಿಕದಲ್ಲಿ ಅದೇ ಮೊದಲು. ಎರಡು ಗ್ರ್ಯಾಮಿಗಳೂ ಬಂದವು. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಹೇಳುವುದಿಲ್ಲ: ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಲಿಯಾದದ್ದು ಮೆಂಫಿಸ್‌ನಲ್ಲಿ, ಆ ವಾರ ದೇಶದ ನಂಬರ್ ಒನ್ ಹಾಡು ಮೆಂಫಿಸ್‌ನಲ್ಲಿ ತಯಾರಾದ ಇದೇ ಹಾಡು. ಅವರು ಬಿದ್ದ ಲೊರೇನ್ ಮೋಟೆಲ್ ಕೂಡ ಸ್ಟ್ಯಾಕ್ಸ್‌ನವರು ಕೂತು ಹಾಡು ಬರೆಯುತ್ತಿದ್ದ ಜಾಗ. ಏನೂ ಬದಲಾಗುವ ಹಾಗೆ ಕಾಣುತ್ತಿಲ್ಲ ಅನ್ನುವ ಸಾಲು ಆ ವಾರ ರೇಡಿಯೋದಲ್ಲಿ ಹೇಗೆ ಕೇಳಿಸಿರಬೇಕು, ನೀವೇ ಊಹಿಸಿ.

ಸಾವಿನ ಸುದ್ದಿ ಮಾರಾಟ ಹೆಚ್ಚಿಸಿದ್ದು ನಿಜ, ಒಪ್ಪುತ್ತೇನೆ. ಆದರೆ ಅನುಕಂಪ ಎಷ್ಟು ದಿನ ಬಾಳುತ್ತದೆ? ಒಂದು ವರ್ಷ, ಹೆಚ್ಚೆಂದರೆ ಎರಡು. ವಿಯೆಟ್ನಾಂನಲ್ಲಿ ಊರು ಬಿಟ್ಟು ಕೂತಿದ್ದ ಸೈನಿಕರು ಇದನ್ನು ತಮ್ಮ ಹಾಡು ಮಾಡಿಕೊಂಡದ್ದು ಓಟಿಸ್ ಸತ್ತ ಅಂತಲ್ಲ. ಇವತ್ತು ಕೇಳುವ ಹುಡುಗರಿಗೆ ಅವನು ಯಾರು, ಹೇಗೆ ಸತ್ತ ಅನ್ನುವುದು ಗೊತ್ತಿರುವುದೇ ಅಪರೂಪ, ಆದರೂ ಶಿಳ್ಳೆ ಬಂದಾಗ ಜೊತೆಗೆ ಶಿಳ್ಳೆ ಹಾಕುತ್ತಾರೆ. ಬೇರೆಯವರು ಹಾಡಿದ್ದನ್ನೂ ಒಂದಷ್ಟು ಕೇಳಿದ್ದೇನೆ. ಎಲ್ಲರೂ ಮಾಡುವ ತಪ್ಪು ಒಂದೇ, ಅಳುತ್ತಾ ಹಾಡುತ್ತಾರೆ. ಮೈಕಲ್ ಬೋಲ್ಟನ್ 1988ರಲ್ಲಿ ಇದೇ ಹಾಡನ್ನು ಗಂಟಲು ಹರಿಯುವ ಹಾಗೆ ಹಾಡಿ ಹಿಟ್ ಮಾಡಿದ್ದನ್ನು ಕೇಳಿದರೆ ನನ್ನ ಮಾತು ಅರ್ಥವಾಗುತ್ತದೆ. ಅಷ್ಟು ಕೂಗುವವನು ದಕ್ಕೆಯ ಮೇಲೆ ಕೂರುವುದಿಲ್ಲ, ಎದ್ದು ಹೋಗಿ ಜಗಳ ಮಾಡುತ್ತಾನೆ.

ಕೇಳುವುದಾದರೆ ಹೆಡ್‌ಫೋನ್‌ನಲ್ಲಿ ಮೊದಲು ಮೂಲ ಹಾಡು, ಆಮೇಲೆ ಮೊದಲಿನ ಟೇಕ್‌ಗಳು, ಕೊನೆಗೆ ಮಾಂಟೆರೇಯಲ್ಲಿ ಅವನು ಹಾಡಿದ 'ಟ್ರೈ ಎ ಲಿಟಲ್ ಟೆಂಡರ್‌ನೆಸ್' ವಿಡಿಯೋ ನೋಡಿ. ಜೂನ್‌ನಲ್ಲಿ ಅಷ್ಟು ಅಬ್ಬರಿಸಿದ ಗಂಟಲು ನವೆಂಬರ್‌ನಲ್ಲಿ ಏನನ್ನು ತಡೆಹಿಡಿದಿತ್ತು ಅನ್ನುವುದು ಆಗ ತಿಳಿಯುತ್ತದೆ.